ದಯವಿಟ್ಟು ಕೆರೆಯಲ್ಲಿ ಔಷಧಿ ಕ್ಯಾನ್ ತೊಳೆಯಬೇಡಿ

ಹೋದ ಮಳೆಗಾಲದ ಒಂದು ಸಂಜೆ. ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದಿತ್ತು. ಚಿಕ್ಕಪ್ಪನ ಮಗ ಔಷಧಿ ಹೊಡೆದು ಬಂದು ನಮ್ಮೂರ ಕೆರೆಯ ಮೆಟ್ಟಿಲ ಮೇಲೆ ಸ್ಪ್ರೇ ಕ್ಯಾನ್ ತೊಳೆಯುತ್ತಿದ್ದ. ಮೊದಲನೇ ಸಲ ಕುಲುಕಿ ಚೆಲ್ಲಿದಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಹರಡಿತು. ಎರಡನೇ ಸಲ ಸ್ವಲ್ಪ ಮಬ್ಬು. ಮೂರನೇ ಸಲಕ್ಕೆ ಏನೂ ಕಾಣಲಿಲ್ಲ. ಹತ್ತು ಮಾರು ಆಚೆ ಎಮ್ಮೆಗಳು ನೀರಲ್ಲಿ ಬಿದ್ದುಕೊಂಡಿದ್ದವು.

ಬೇಡ ಕಣೋ ಅಂದೆ. "ಇಷ್ಟು ದೊಡ್ಡ ಕೆರೆಗೆ ಇಷ್ಟೇ ಇಷ್ಟು ಔಷಧಿ ಏನು ಮಾಡುತ್ತೆ ಅಣ್ಣಾ?" ಅಂದ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಅವನು ತಂದಿದ್ದು ಕ್ಲೋರ್‌ಪೈರಿಫಾಸ್ 20 ಇಸಿ ಅನ್ನೋ, ನೀರಿಗೆ ಬೆರೆಸಿ ಹೊಡೆಯುವ ಕೀಟನಾಶಕ. ಅದರ ಒಂದು ಮಿಲಿಯಲ್ಲಿ 200 ಮಿಲಿಗ್ರಾಂ ವಿಷ ಇರುತ್ತೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತೆ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಭಾಗಿಸಿ ನೋಡಿ. ಒಂದೇ ಒಂದು ಮಿಲಿ ಸಾಕು, ಸುಮಾರು 6,600 ಲೀಟರ್ ನೀರು ಆ ಗಡಿಗೆ ಬಂದು ನಿಲ್ಲುತ್ತೆ. ಒಂದು ಟ್ಯಾಂಕರ್ ನೀರು! ಯುರೋಪಿನ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ 20 ಲಕ್ಷ ಲೀಟರ್. ಎಲ್ಲವೂ ನೀರಲ್ಲೇ ಉಳಿಯೋದಿಲ್ಲ, ನಿಜ. ಜಾಸ್ತಿ ಪಾಲು ಹೂಳಿಗೆ ಅಂಟಿಕೊಳ್ಳುತ್ತೆ. ಆದರೆ ಒಂದು ಸೀಸನ್‌ನಲ್ಲಿ ಎಷ್ಟು ಜನ, ಎಷ್ಟು ಸಲ ಕ್ಯಾನ್ ತೊಳೆಯುತ್ತಾರೆ ಅಂತ ಯೋಚನೆ ಮಾಡಿ.

ಈ ವಿಷ ಹುಳುವಿನ ನರ ಕೆಡಿಸುವ ಹಾಗೇ ನಮ್ಮ ನರವನ್ನೂ ಕೆಡಿಸುತ್ತೆ. ಹೊಟ್ಟೆಗೆ ಜಾಸ್ತಿ ಹೋದರೆ ಬೆವರು, ಜೊಲ್ಲು, ಉಸಿರಾಟದ ತೊಂದರೆ. ಅದು ಎಲ್ಲರಿಗೂ ಗೊತ್ತು. ನನಗೆ ಭಯ ಇರೋದು ದಿನಾ ಸ್ವಲ್ಪ ಸ್ವಲ್ಪ ಸೇರುವುದರ ಬಗ್ಗೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು ಅನ್ನುವ ಆತಂಕದಿಂದ ಯುರೋಪಿಯನ್ ಒಕ್ಕೂಟ 2020ರಲ್ಲಿ ಇದನ್ನು ನಿಲ್ಲಿಸಿತು. ಮೆಕ್ಕೆಜೋಳದ ಕಳೆಗೆ ಹೊಡೆಯುವ ಅಟ್ರಜಿನ್ ಬೇರೆ ಇದೆ. ಅದು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳೋದಿಲ್ಲ, ಮಳೆ ನೀರಿನ ಜೊತೆ ಕೆರೆಗೂ ಬೋರಿಗೂ ಇಳಿಯುತ್ತೆ.

ದಕ್ಷಿಣ ಕನ್ನಡದ ಕೊಕ್ಕಡ, ಕಾಸರಗೋಡಿನ ಪಡ್ರೆ ಕಡೆಯವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ವಿಷವನ್ನು ತಡೆದದ್ದು 2011ರಲ್ಲಿ. ಅಲ್ಲಿನ ಅಮ್ಮಂದಿರು ಇವತ್ತಿಗೂ ಬೆಳೆದ ಮಕ್ಕಳಿಗೆ ತುತ್ತು ಮಾಡಿ ಉಣಿಸುತ್ತಿದ್ದಾರೆ.

"ನಮ್ಮ ನೀರು ಟೆಸ್ಟ್ ಆಗಿದೆಯಲ್ಲ" ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಊರಲ್ಲಿ ಕಿಟ್ ಹಿಡಿದು ಪರೀಕ್ಷೆ ಮಾಡುವ ಅಕ್ಕನ ಪಕ್ಕ ಕೂತು ನೋಡಿದೆ. ಹನಿ ಹಾಕಿ, ಬಣ್ಣ ಬರುವ ತನಕ ಕಾದು, ಕಾರ್ಡಿಗೆ ಹೋಲಿಸಿ, ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ! ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಎಲ್ಲ ಬರೆದುಕೊಂಡರು. ಕೀಟನಾಶಕಕ್ಕೆ ಆ ಡಬ್ಬಿಯಲ್ಲಿ ಒಂದು ಬಾಟಲಿಯೂ ಇಲ್ಲ. ಹುಡುಕದೇ ಇದ್ದರೆ ಸಿಗೋದಾದರೂ ಹೇಗೆ, ಅಲ್ವಾ? ಇದಕ್ಕೆ ದೊಡ್ಡ ಲ್ಯಾಬೇ ಬೇಕು. ನೀರು ಕುದಿಸಿದರೂ ಸುಮ್ನೆ, ರೋಗಾಣು ಸಾಯುತ್ತೆ, ಈ ವಿಷ ಹೋಗುತ್ತೆ ಅಂತ ನಂಬೋಕಾಗಲ್ಲ. ಇದ್ದಿಲಿನ ಫಿಲ್ಟರ್ ಒಂದಷ್ಟು ಹಿಡಿಯುತ್ತೆ, ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಮಾತ್ರ.

ರೈತರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಮ್ಮದೂ ರೈತರ ಮನೆಯೇ. ವಿಷಕ್ಕೆ ಔಷಧಿ ಅಂತ ಹೆಸರಿಟ್ಟು ಮಾರಿದವರು, ತೊಳೆಯೋದು ಹೇಗೆ ಅಂತ ಹೇಳಿಕೊಡಲಿಲ್ಲ. ಕೆಲಸ ಕಷ್ಟದ್ದೇನಲ್ಲ. ಹೊಲಕ್ಕೇ ಒಂದು ಕೊಡ ನೀರು ಒಯ್ಯಿರಿ. ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನೂ ಕ್ಯಾನಿಗೇ ಹಾಕಿ ಹೊಡೆಯಿರಿ. ಕ್ಯಾನ್ ತೊಳೆದ ನೀರನ್ನೂ ಅದೇ ಬೆಳೆಗೆ ಹೊಡೆಯಿರಿ. ದುಡ್ಡು ಕೊಟ್ಟು ತಂದಿದ್ದು, ಯಾಕೆ ಕೆರೆಗೆ ಹಾಕಬೇಕು? ಬಾಟಲಿಗೆ ತೂತು ಮಾಡಿ, ಮತ್ತೆ ಯಾರೂ ಎಣ್ಣೆ ತುಂಬಿಸದ ಹಾಗೆ.

ಚಿಕ್ಕಪ್ಪನ ಮಗ ಈ ವರ್ಷ ಹೀಗೇ ಮಾಡುತ್ತಿದ್ದಾನೆ. ಕೆರೆ ನೀರನ್ನೂ ನಲ್ಲಿಗೆ ಬರುವ ಬೋರ್ ನೀರನ್ನೂ ಮಳೆಗಾಲದಲ್ಲಿ ಒಂದು ಸಲ ಕೀಟನಾಶಕದ ಪರೀಕ್ಷೆಗೆ ಕಳಿಸಿ ಅಂತ ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಹನ್ನೊಂದು ಸಹಿ ಆಗಿದೆ. ನಮ್ಮೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಅರ್ಜಿ ನನ್ನ ಹತ್ತಿರವೇ ಇದೆ, ಬನ್ನಿ.