ತೈಲ ದೇಶಗಳ ಕೂಟದಿಂದ ಹವಾಮಾನಕ್ಕೆ ಒಳ್ಳೆಯದಾಗಿದೆಯೇ?

ಪರ: ಕಡಿಮೆ ತೆಗೆದರೆ ಕಡಿಮೆ ಹೊಗೆ

ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಹುಟ್ಟಿದ್ದು 1960ರಲ್ಲಿ, ಬಾಗ್ದಾದ್‌ನಲ್ಲಿ. ಪರಿಸರ ಉಳಿಸಲು ಹುಟ್ಟಿದ್ದಲ್ಲ. ತಮ್ಮ ಎಣ್ಣೆಗೆ ಒಳ್ಳೆ ಬೆಲೆ ಬೇಕಿತ್ತು, ಅಷ್ಟೆ. ಆದರೆ ಬೆಲೆ ಏರಿಸಲು ಅವರಿಗಿದ್ದ ದಾರಿ ಒಂದೇ: ಕಡಿಮೆ ತೆಗೆಯುವುದು. ನೆಲದೊಳಗೇ ಉಳಿದ ಎಣ್ಣೆ ಹೊಗೆಯಾಗುವುದಿಲ್ಲ.

1973ರ ಅಕ್ಟೋಬರ್‌ನಲ್ಲಿ ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿಗೆ 12ರ ಹತ್ತಿರ ಹೋಯಿತು. ಆಮೇಲೆ ಏನಾಯಿತು ನೋಡಿ. ಅದೇ ವರ್ಷ ಫ್ರಾನ್ಸ್ ಅಣುವಿದ್ಯುತ್ತಿನ ದೊಡ್ಡ ಯೋಜನೆಗೆ ಕೈಹಾಕಿತು. 1975ರಲ್ಲಿ ಅಮೆರಿಕ ಕಾರುಗಳ ಮೈಲೇಜಿಗೆ ಕಾನೂನು ತಂದಿತು. 1979ರಲ್ಲಿ ಬೆಲೆ ಮತ್ತೆ ಜಿಗಿದ ನಂತರ ಜಗತ್ತಿನ ತೈಲ ಬಳಕೆ ಕೆಲವು ವರ್ಷ ಇಳಿಯುತ್ತಲೇ ಹೋಯಿತು. ಯಾವ ಹವಾಮಾನ ಸಮ್ಮೇಳನ ಇಷ್ಟು ಮಾಡಿದೆ?

ನಮ್ಮ ಮನೆಯಲ್ಲೇ ನೋಡಿದ್ದೇನೆ. ಪೆಟ್ರೋಲ್ ಅಗ್ಗವಿದ್ದಾಗ ಅಪ್ಪ ಕೂಗಳತೆಯ ಕೆಲಸಕ್ಕೂ ಕಾರು ತೆಗೆಯುತ್ತಿದ್ದರು. ಅಮ್ಮ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಲೆ ಏರಿದ್ದೇ ತಡ, ಯಾರೂ ಹೇಳದೆ ನಡೆಯತೊಡಗಿದರು. ಆಮೇಲೆ ಬೆಲೆ ಇಳಿದರೂ ನಡಿಗೆ ಬಿಡಲಿಲ್ಲ. ಬುದ್ಧಿಮಾತಿಗಿಂತ ಬೆಲೆಯ ಮಾತು ಜಾಸ್ತಿ ನಾಟುತ್ತದೆ.

ಒಬ್ಬರು ಕಡಿಮೆ ತೆಗೆದರೆ ಇನ್ನೊಬ್ಬರು ಜಾಸ್ತಿ ತೆಗೆಯುತ್ತಾರೆ, ಲೆಕ್ಕ ಸಮವಾಗುತ್ತದೆ ಅನ್ನುವವರಿದ್ದಾರೆ. ಹಾಗಿದ್ದರೆ ಬೆಲೆ ಏರಲೇಬಾರದಿತ್ತು, ಅಲ್ವಾ? 2014ರ ಕೊನೆಯಲ್ಲಿ ಒಪೆಕ್ ಉತ್ಪಾದನೆ ಇಳಿಸಲು ಒಪ್ಪಲಿಲ್ಲ. 2016ರ ಜನವರಿಯಲ್ಲಿ ಬೆಲೆ 30 ಡಾಲರ್‌ಗಿಂತ ಕೆಳಗೆ ಬಿತ್ತು. ಈ ನಡುವೆ ಜಗತ್ತಿನ ಬಳಕೆ ಏರಿತು. ಕೂಟ ಕೈಬಿಟ್ಟರೆ ಆಗುವುದು ಇದೇ.

ವಿರೋಧ: ಯಾವ ಎಣ್ಣೆ ಉಳಿಯಿತು?

ಬೆಲೆ ಏರಿದರೆ ಬಳಕೆ ಇಳಿಯುತ್ತದೆ ಎಂಬುದು ನಿಜವೇ. ನನ್ನ ತಕರಾರು ಬೇರೆ. ಸೌದಿಯ ಎಣ್ಣೆ ಸುಲಭವಾಗಿ ಮೇಲೆ ಬರುತ್ತದೆ, ತೆಗೆಯುವಾಗ ಹೊಗೆ ಕಡಿಮೆ. ಕೆನಡಾದ ಆಲ್ಬರ್ಟಾದಲ್ಲಿ ಡಾಂಬರಿನಂಥ ಎಣ್ಣೆ ಮರಳಿಗೆ ಅಂಟಿಕೊಂಡಿದೆ. ಆಳದಲ್ಲಿರುವುದನ್ನು ಬಿಡಿಸಲು ಗ್ಯಾಸ್ ಉರಿಸಿ ಹಬೆ ಹಾಯಿಸಬೇಕು. ಎಣ್ಣೆ ತೀರಾ ಅಗ್ಗವಾದರೆ ಆ ಕೆಲಸ ಗಿಟ್ಟುವುದಿಲ್ಲ. ಕೂಟ ಸುಲಭದ ಎಣ್ಣೆಯನ್ನು ತಡೆದು ಬೆಲೆ ಎತ್ತಿಹಿಡಿದರೆ ಇಂಥ ಎಣ್ಣೆಗೆ ದಾರಿಯಾಗುತ್ತದೆ.

ಎಪ್ಪತ್ತರ ದಶಕದಲ್ಲಿ ಎಣ್ಣೆ ಬಿಟ್ಟವರೆಲ್ಲ ಅಣುವಿದ್ಯುತ್ತಿಗೆ ಹೋಗಲಿಲ್ಲ. ಎಷ್ಟೋ ಕಡೆ ಕಲ್ಲಿದ್ದಲು ಉರಿಸಿದರು. ಅದರ ಹೊಗೆ ಎಣ್ಣೆಯದಕ್ಕಿಂತ ಜಾಸ್ತಿ.

ಇನ್ನು ಹಣ. ಅದೇ ಬೆಲೆ ಇಂಗಾಲದ ತೆರಿಗೆಯಿಂದ, ಅಂದರೆ ಹೊಗೆಗೆ ಸರ್ಕಾರ ಹಾಕುವ ತೆರಿಗೆಯಿಂದ, ಏರಿದ್ದರೆ ಆ ಹಣವನ್ನು ಜನರಿಗೆ ವಾಪಸ್ ಕೊಡಬಹುದಿತ್ತು. ಈಗ ಅದು ಉತ್ಪಾದಕರಿಗೇ ಹೋಗುತ್ತದೆ, ಜೊತೆಗೆ ಬಲವನ್ನೂ ಕೊಡುತ್ತದೆ. 2023ರ ದುಬೈ ಹವಾಮಾನ ಸಮ್ಮೇಳನ ನಡೆಯುತ್ತಿದ್ದಾಗಲೇ ಒಪೆಕ್‌ನ ಪ್ರಧಾನ ಕಾರ್ಯದರ್ಶಿ ಸದಸ್ಯ ದೇಶಗಳಿಗೆ ಪತ್ರ ಬರೆದರು. ಎಣ್ಣೆ, ಕಲ್ಲಿದ್ದಲಿನಂಥ ಪಳೆಯುಳಿಕೆ ಇಂಧನಗಳನ್ನೇ ಗುರಿಮಾಡುವ ಯಾವ ಒಪ್ಪಂದದ ಕರಡನ್ನೂ ಒಪ್ಪಬೇಡಿ ಎಂದು ಅದರಲ್ಲಿ ಒತ್ತಾಯಿಸಿದ್ದರು.