ನೀರು ಕುಡೀರಿ ಅನ್ನೋದಕ್ಕೆ ಎಷ್ಟು ಹೊತ್ತು ಬೇಕು?

ಈಗಷ್ಟೇ ಮೆಡಿಕಲ್ ಶಾಪಿನಿಂದ ಬಂದೆ. ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನ ಬಿಪಿ ಮಾತ್ರೆ ತರಲು ಹೋಗಿದ್ದೆ. ನನ್ನ ಮುಂದೆ ಒಬ್ಬರು ಅಜ್ಜ. ಅಂಗಿ ಸರಿದಾಗ ಸೊಂಟದ ಸುತ್ತ ಬಳಿದ ಕೆಮ್ಮಣ್ಣು ಕಾಣಿಸಿತು. ಸರ್ಪಸುತ್ತು. ಊರಲ್ಲಿ ಹಚ್ಚಿಸಿಕೊಂಡು, ಉರಿ ತಡೆಯದೆ ದಾವಣಗೆರೆಗೆ ಬಂದಿದ್ದಾರೆ. ಅಂಗಡಿ ಹುಡುಗ ಸರ್ಪಸುತ್ತಿನ ವೈರಸ್ಸಿಗೆ ಕೊಡುವ ಮಾತ್ರೆ, ಅಸೈಕ್ಲೋವಿರ್ 800ರ ಶೀಟುಗಳನ್ನು ಕವರಿಗೆ ಹಾಕಿದ. ಜೊತೆಗೆ ನೋವಿನ ಮಾತ್ರೆ, ಶುಗರ್ ಮಾತ್ರೆ. "ಇದು ದಿನಕ್ಕೆ ಐದು, ಏಳು ದಿನ. ಮುಂದೆ ಯಾರ್ರೀ?"

ಅಷ್ಟೇ. ನೀರು ಜಾಸ್ತಿ ಕುಡೀರಿ ಅನ್ನಲಿಲ್ಲ. ಕಿಡ್ನಿ ಹೇಗಿದೆ ಅಂತ ಕೇಳಲಿಲ್ಲ.

ನಮ್ಮ ಅಪ್ಪನಿಗೆ ಆಗಿದ್ದೂ ಇದೇ. ಮೇ ತಿಂಗಳ ಬಿಸಿಲು, ಅದೇ ಸರ್ಪಸುತ್ತು, ಅದೇ ಮಾತ್ರೆ. 74 ವರ್ಷ, ಒಣಗಿದ ಮೈ, ಹಳೇ ಶುಗರ್. ಮೂರನೇ ದಿನ ವಾಂತಿ ಶುರುವಾಯಿತು. ಮೂತ್ರ ಕಡಿಮೆಯಾಯಿತು. ರಾತ್ರಿ ಎದ್ದು ಕೂತು ಗೋಡೆ ಕಡೆ ಕೈ ತೋರಿಸಿ, "ಆ ಎತ್ತು ಬಿಚ್ಚಿಕೊಂಡೈತಿ, ಕಟ್ಟೋ" ಅಂದರು. ನಮ್ಮ ಮನೆಯಲ್ಲಿ ಎತ್ತು ಮಾರಿ ಇಪ್ಪತ್ತು ವರ್ಷ. ವಯಸ್ಸಾಯ್ತಲ್ಲ, ಅರಳು ಮರಳು ಅಂದುಕೊಂಡೆವು. ಬೆಳಿಗ್ಗೆ ರಕ್ತ ಕೊಟ್ಟರೆ ಕ್ರಿಯಾಟಿನಿನ್ 5.2. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಕಿ ಅದು.

ಆಮೇಲೆ ಒಬ್ಬ ಕಿಡ್ನಿ ಡಾಕ್ಟರು ಬಿಡಿಸಿ ಹೇಳಿದರು. ಈ ಔಷಧಿ ಮೈಯಿಂದ ಹೊರಗೆ ಹೋಗುವುದು ಹೆಚ್ಚಾಗಿ ಮೂತ್ರದಲ್ಲೇ. ಆದರೆ ನೀರಿನಲ್ಲಿ ಸುಲಭವಾಗಿ ಕರಗುವ ಜಾತಿಯಲ್ಲ. ಸಕ್ಕರೆ ಪಾಕ ಗಟ್ಟಿಯಾದರೆ ತಳದಲ್ಲಿ ಹರಳು ಕೂರುತ್ತಲ್ಲ, ಹಾಗೆ ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಯ ಸಣ್ಣ ನಾಳಗಳಲ್ಲಿ ಸೂಜಿಯಂಥ ಹರಳು ಕಟ್ಟುತ್ತದೆ. ದಾರಿ ಮುಚ್ಚಿದ ಮೇಲೆ ಔಷಧಿ ಹೊರಗೆ ಹೋಗದೆ ರಕ್ತದಲ್ಲೇ ಏರುತ್ತದೆ, ತಲೆಗೂ ಹತ್ತುತ್ತದೆ. ಅಪ್ಪನ ಎತ್ತು ಬಿಚ್ಚಿಕೊಂಡಿದ್ದು ಹಾಗೆ. ಕಿಡ್ನಿ ಮೊದಲೇ ಸೋತವರಿಗೆ ಐದರ ಬದಲು ಮೂರು ಮಾತ್ರೆ, ಇನ್ನೂ ಸೋತಿದ್ದರೆ ಎರಡೇ ಕೊಡುತ್ತಾರಂತೆ. ಅಪ್ಪನ ಕ್ರಿಯಾಟಿನಿನ್ ಈ ಕಾಯಿಲೆಗೆ ಮುಂಚೆಯೇ 2.1 ಇತ್ತು. ಯಾರೂ ಕೇಳಲಿಲ್ಲ.

ಇದನ್ನು ಹೇಳಿದಾಗಲೆಲ್ಲ ನನ್ನ ಭಾವ, "ಹಿಂಗೆಲ್ಲ ಹೆದರಿಸಿದರೆ ಜನ ಮಾತ್ರೆ ಬಿಟ್ಟು ಕೆಮ್ಮಣ್ಣಿಗೇ ಹೋಗ್ತಾರೆ" ಅನ್ನುತ್ತಾರೆ. ಮಾತ್ರೆ ಬಿಡಿ ಅಂತ ನಾನು ಯಾವಾಗ ಹೇಳಿದೆ ಮಾರಾಯರೇ? ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಬೇಗ ಒಣಗುತ್ತದೆ, ನೋವೂ ತಗ್ಗುತ್ತದೆ. ಆ ಔಷಧಿ ಹುಟ್ಟಿದ ತಂಡದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಮಾತ್ರೆ ಮೇಲೆ ನನಗೆ ಜಗಳವಿಲ್ಲ. ಕೊಡುವವರ ಬಾಯಿ ಮೇಲೆ ಜಗಳ. ಡಾಕ್ಟರಿಗೆ ಟೈಮಿಲ್ಲ, ಹೊರಗೆ ನೂರು ಜನ ಕಾಯುತ್ತಿರುತ್ತಾರೆ, ಒಪ್ಪಿದೆ. "ನೀರು ಕುಡೀರಿ" ಎರಡೇ ಪದ. ಫೀಸು ಎಣಿಸಿಕೊಳ್ಳುವಷ್ಟು ಹೊತ್ತೂ ಬೇಡ.

ಹೇಳುವವರೂ ಇದ್ದಾರೆ. ನನ್ನ ಗೆಳೆಯನೊಬ್ಬ ಹೆಪಟೈಟಿಸ್ ಬಿಗೆ ಟೆನೊಫೊವಿರ್ ತಗೊಳ್ಳುತ್ತಾನೆ. ಅದೂ ವೈರಸ್ಸಿನ ಮಾತ್ರೆಯೇ, ಅದೂ ಕೆಲವರ ಕಿಡ್ನಿ ನಾಳಗಳನ್ನು ಕೆಡಿಸುತ್ತದೆ. ಅವನ ಡಾಕ್ಟರು ಆಗಾಗ ಕ್ರಿಯಾಟಿನಿನ್ ನೋಡದೆ ಚೀಟಿಯನ್ನೇ ಬರೆಯುವುದಿಲ್ಲ. ಇವನು ಗೊಣಗುತ್ತಾನೆ. ಗೊಣಗಲಿ.

ಸರಿ, ಇನ್ನೊಂದು ಹೇಳಿಬಿಡುತ್ತೇನೆ. ಇಷ್ಟು ದಿನ ನುಂಗಿಕೊಂಡಿದ್ದೆ. ಅಪ್ಪ ನೋವಿಗೆ ನರಳುತ್ತಿದ್ದಾಗ ಡೈಕ್ಲೋಫೆನಾಕ್ ತಂದುಕೊಟ್ಟಿದ್ದು ನಾನು. ಚೀಟಿ ಇಲ್ಲದೆ, ಎರಡು ಶೀಟು. ಅದೂ ಕಿಡ್ನಿಯ ರಕ್ತದ ಹರಿವು ತಗ್ಗಿಸುವ ಮಾತ್ರೆಯಂತೆ. 2.1 ಅಂತ ಬರೆದಿದ್ದ ರಿಪೋರ್ಟು ನಮ್ಮ ಬೀರುವಿನಲ್ಲೇ ಇತ್ತು, ಸೀರೆ ಕೆಳಗೆ. ಡಾಕ್ಟರು ಕೇಳಲಿಲ್ಲ ಅಂತ ಊರೆಲ್ಲ ಬೈದುಕೊಂಡು ತಿರುಗಿದೆ. ನಾನೂ ಒಯ್ದು ತೋರಿಸಲಿಲ್ಲ.

ಅಪ್ಪ ಡಯಾಲಿಸಿಸ್ ಇಲ್ಲದೆ ಬಚಾವಾದರು. ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಹತ್ತು ದಿನಕ್ಕೆ 2.4ಕ್ಕೆ ಇಳಿಯಿತು. ಎಲ್ಲರಿಗೂ ಹಾಗೆ ಇಳಿಯುವುದಿಲ್ಲ.

ಇವತ್ತು ಸುಮ್ನಿರಲು ಆಗಲಿಲ್ಲ. "ಅಜ್ಜಾರೆ, ಕಿಡ್ನಿ ಟೆಸ್ಟ್ ಮಾಡಿಸಿದ್ರಾ? ಡಾಕ್ಟ್ರನ್ನ ಒಂದು ಮಾತು ಕೇಳ್ರಿ. ನೀರು ಚೆನ್ನಾಗಿ ಕುಡೀರಿ" ಅಂದೆ. ಅಂಗಡಿ ಹುಡುಗ "ನೀವು ಡಾಕ್ಟ್ರಾ?" ಅನ್ನುವ ಮುಖ ಮಾಡಿದ. ಅಜ್ಜ ನಕ್ಕರು. "ಜಗಳೂರು ಬಸ್ಸು ಹತ್ತಬೇಕಪ್ಪ. ನೀರು ಕುಡಿದರೆ ನಡುದಾರೀಲಿ ಯಾರು ನಿಲ್ಲಿಸ್ತಾರೆ?"

ಪಕ್ಕದ ಅಂಗಡಿಯಿಂದ ಒಂದು ಬಾಟಲಿ ನೀರು ಕೊಡಿಸಿದೆ. "ಮನೀಗೆ ಹೋಗಿ ಕುಡೀತೀನಿ" ಅಂತ ಮುಚ್ಚಳ ತೆಗೆಯದೆ, ಮಾತ್ರೆ ಕವರಿನ ಜೊತೆ ಚೀಲಕ್ಕೆ ಇಳಿಸಿಕೊಂಡು ಹೋದರು.