ಬೆಕ್ಕಿನ ನಿಯಮ ಮುಂದಿನ ಮರಿಯಿಂದ ಶುರುವಾಗಲಿ

ಸಾಕುಬೆಕ್ಕನ್ನು ಹೊರಗೆ ಬಿಡಬಾರದು ಅಂತ ಯಾವುದಾದರೂ ಊರಿನ ಕೌನ್ಸಿಲ್ ನಿಯಮ ತಂದರೆ ಸಾಕು, ಜಗಳ ಶುರು. ‘ತಿರುಗಾಡೋದು ಬೆಕ್ಕಿನ ಹುಟ್ಟುಗುಣ, ಕೂಡಿಹಾಕೋದು ಹಿಂಸೆ’ ಅಂತ ಒಂದು ಗುಂಪು. ‘ಬೀದಿಯಲ್ಲಿ ಕಂಡ ಬೆಕ್ಕನ್ನೆಲ್ಲ ಹಿಡಿದುಕೊಂಡು ಹೋಗಿ’ ಅಂತ ಇನ್ನೊಂದು. ನಾನು ಬೆಕ್ಕು ಸಾಕುವವಳು. ಆದರೂ ಮೊದಲನೆಯವರ ಜೊತೆ ಇಲ್ಲ. ಎರಡನೆಯವರ ಜೊತೆಗಂತೂ ಇಲ್ಲವೇ ಇಲ್ಲ.

ನನಗೆ ಸರಿ ಅನ್ನಿಸಿದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದವರು ಮಾಡಿರುವ ನಿಯಮ. 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳು ಹಗಲೂ ರಾತ್ರಿ ಮಾಲೀಕರ ಮನೆ, ಹಿತ್ತಲಿನೊಳಗೇ ಇರಬೇಕು. ಹೊರಗೆ ಕರೆದುಕೊಂಡು ಹೋಗಬೇಕಾದರೆ ಬೆಲ್ಟ್ ಹಾಕಿ ಹಿಡಿದುಕೊಂಡಿರಬೇಕು. ಅದಕ್ಕಿಂತ ಮುಂಚೆ ಹುಟ್ಟಿದವು ಮೊದಲಿನ ಹಾಗೇ ಓಡಾಡಿಕೊಂಡಿರಬಹುದು. ಮೊದಲಿನಿಂದಲೇ ನಿರ್ಬಂಧ ಇದ್ದ ಕೆಲವು ಬಡಾವಣೆಗಳಲ್ಲಿ ಮಾತ್ರ ವಯಸ್ಸಿನ ರಿಯಾಯಿತಿ ಇಲ್ಲ.

ಈ ತಾರೀಖಿನ ಲೆಕ್ಕದಲ್ಲೇ ಜಾಣತನ ಇರೋದು. ಎಂಟು ವರ್ಷ ಕಾಂಪೌಂಡ್ ಹಾರಿ ರೂಢಿಯಾದ ಬೆಕ್ಕನ್ನು ಒಂದು ದಿನ ಇದ್ದಕ್ಕಿದ್ದ ಹಾಗೆ ಒಳಗೆ ಕೂಡಿ ನೋಡಿ. ಬಾಗಿಲ ಹತ್ತಿರ ರಾತ್ರಿಯಿಡೀ ಕೂಗುತ್ತದೆ. ಪರದೆ ಪರಚುತ್ತದೆ. ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತದೆ. ಮನೆಯವರು ಮೂರನೇ ದಿನಕ್ಕೆ ಸೋತು ಕಿಟಕಿ ತೆಗೆಯುತ್ತಾರೆ, ಅಲ್ಲಿಗೆ ನಿಯಮ ಮುಗಿಯಿತು. ಮರಿಯಾಗಿದ್ದಾಗಿನಿಂದ ಒಳಗೇ ಬೆಳೆದ ಬೆಕ್ಕಿಗೆ ಈ ಕಷ್ಟ ಅಷ್ಟಿಲ್ಲ. ಅದರ ಪಾಲಿಗೆ ಮನೆಯೇ ಸೀಮೆ. ಹಳೆಯವು ಆಯಸ್ಸು ಮುಗಿಸಿಕೊಂಡು ಹೋಗುವ ಹೊತ್ತಿಗೆ, ಯಾರ ಬೆಕ್ಕನ್ನೂ ಎಳೆದಾಡದೆ, ಇಡೀ ಊರು ಹೊಸ ಪದ್ಧತಿಗೆ ಬಂದಿರುತ್ತದೆ. ನಿಧಾನ ಆಗುತ್ತದೆ ನಿಜ.

ಇದಕ್ಕೆ ಪೂರ್ತಿ ಉಲ್ಟಾ ಜರ್ಮನಿಯ ವಾಲ್ಡಾರ್ಫ್. ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಜುಟ್ಟಿನ ಬಾನಾಡಿ ಹಕ್ಕಿಗಳು ಕೆಲವೇ ಜೋಡಿ ಉಳಿದಿದ್ದವು. 2022ರ ಮೇ ತಿಂಗಳಲ್ಲಿ ಅಧಿಕಾರಿಗಳು ಊರಿನ ದಕ್ಷಿಣ ಭಾಗದ ಬೆಕ್ಕುಗಳನ್ನೆಲ್ಲ ಆಗಸ್ಟ್ ಕೊನೆಯವರೆಗೆ ಮನೆಯೊಳಗೇ ಇಡಿ ಅಂದರು. ಮುದಿಬೆಕ್ಕು, ಮರಿಬೆಕ್ಕು ಅಂತ ಭೇದ ಇಲ್ಲ. ಹೊರಗೆ ಸಿಕ್ಕಿದರೆ 500 ಯೂರೋ ದಂಡ. ಹಕ್ಕಿಯನ್ನು ಕೊಂದರೆ 50,000 ಯೂರೋವರೆಗೆ! ಹಕ್ಕಿ ಅಳಿವಿನ ಅಂಚಿನಲ್ಲಿದ್ದಾಗ ಇಂಥ ತುರ್ತು ಬೇಕಾಗಬಹುದು, ಒಪ್ಪುತ್ತೇನೆ. ಆದರೆ ಎಲ್ಲ ಊರುಗಳೂ ಇದನ್ನೇ ಮಾದರಿ ಮಾಡಿಕೊಂಡರೆ ಜನ ಹಕ್ಕಿಯನ್ನೇ ದ್ವೇಷಿಸಲು ಶುರು ಮಾಡುತ್ತಾರೆ.

ಈಗ ನನ್ನ ಬೆಕ್ಕುಪ್ರಿಯ ಗೆಳೆಯರಿಗೆ ಒಂದು ಮಾತು. ‘ನಮ್ಮದು ಪಾಪದ್ದು, ಏನನ್ನೂ ಹಿಡಿಯಲ್ಲ’ ಅನ್ನಬೇಡಿ. ಹೊರಗೆ ತಿರುಗುವ ಒಂದು ಸಾಕುಬೆಕ್ಕು ವರ್ಷಕ್ಕೆ ಸರಾಸರಿ 186 ಹಲ್ಲಿ, ಹಕ್ಕಿ, ಸಣ್ಣ ಪ್ರಾಣಿಗಳನ್ನು ಕೊಲ್ಲುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ಅಂದಾಜು ಮಾಡಿದ್ದಾರೆ. ಮನೆಗೆ ತಂದು ಹಾಕುವುದು ಅದರಲ್ಲಿ ಸ್ವಲ್ಪವೇ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಸುಮ್ನೆ ಹೇಳಿದರಾ? ಪಕ್ಕದ ಮನೆಯವರ ಪಾಡೂ ಇದೆ. ಅವರು ಬಿತ್ತಿದ ಸೊಪ್ಪಿನ ಮಡಿ ನಮ್ಮ ಬೆಕ್ಕಿನ ಕಕ್ಕಸು ಆಗಬಾರದು, ಅಲ್ವಾ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಅನುಮತಿ ಇಲ್ಲದೆ ತಮ್ಮ ಜಾಗಕ್ಕೆ ಬಂದ ಬೆಕ್ಕನ್ನು ಹಿಡಿದು ಕೌನ್ಸಿಲ್‌ಗೆ ಒಪ್ಪಿಸಲು ಕಾನೂನೇ ಅವಕಾಶ ಕೊಡುತ್ತದೆ.

ರಾತ್ರಿ ಮಾತ್ರ ಕರ್ಫ್ಯೂ ಹಾಕುವ ಕೌನ್ಸಿಲ್‌ಗಳೂ ಬೇಕಾದಷ್ಟಿವೆ. ಬೀದಿಜಗಳ, ವಾಹನದಡಿ ಸಿಕ್ಕಿ ಸಾಯುವುದು ಕಡಿಮೆಯಾಗುತ್ತದೆ. ಆದರೆ ಹೆಚ್ಚಿನ ಹಕ್ಕಿಗಳು, ಓತಿಕ್ಯಾತದಂಥವು ಹಗಲು ಓಡಾಡುವ ಜೀವಿಗಳು. ಅವಕ್ಕೆ ಇದರಿಂದ ಹೆಚ್ಚು ಉಪಯೋಗ ಇಲ್ಲ.

ಒಳಗೇ ಇಡಿ ಅಂದಮೇಲೆ ಒಳಗೆ ಅದು ಏನು ಮಾಡಬೇಕು ಅಂತಲೂ ಹೇಳಬೇಕು. ಇಲ್ಲೇ ಹೆಚ್ಚಿನ ನಿಯಮಗಳು ಮೌನ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ದಿನಕ್ಕೆ ಐದು-ಹತ್ತು ನಿಮಿಷ ಬೆಕ್ಕಿನ ಜೊತೆ ಆಟ ಆಡಿದರೆ ಅದು ಮನೆಗೆ ತರುವ ಬೇಟೆ 25% ಕಡಿಮೆಯಾಯಿತಂತೆ. ಮಾಂಸದ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಟ್ಟರೆ 36%. ಕುತ್ತಿಗೆಗೆ ಕಟ್ಟಿದ ಗಂಟೆಯಿಂದ ಮಾತ್ರ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಗಂಟೆ ಕಟ್ಟುವವರು ಯಾರು ಅಂತ ಇಲಿಗಳು ಇಷ್ಟು ಕಾಲ ತಲೆಕೆಡಿಸಿಕೊಂಡಿದ್ದೇ ದಂಡ. ಹೊರಗೆ ಬಿಟ್ಟ ಬೆಕ್ಕುಗಳ ಮೇಲೆ ನಡೆದ ಅಧ್ಯಯನ ಅದು. ಆದರೆ ಒಳಗಿರುವ ಬೆಕ್ಕಿಗೂ ಬೇಕಾಗಿರುವುದು ಇವೇ. ಬೇಟೆಯಂಥ ಆಟ, ಹೊಟ್ಟೆ ತುಂಬುವ ಊಟ, ಹತ್ತಿ ಕೂರಲು ಎತ್ತರದ ಜಾಗ, ಕಕ್ಕಸಿಗೆ ಪ್ರತಿದಿನ ಶುಚಿ ಮಾಡಿದ ಲಿಟರ್ ಟ್ರೇ. ಜಾಗ ಇದ್ದವರು ಹಿತ್ತಲಿಗೆ ಜಾಲರಿ ಹಾಕಿಸಬಹುದು, ಆದರೆ ಅದು ಎಲ್ಲರ ಕೈಗೂ ಎಟುಕುವ ಖರ್ಚಲ್ಲ.

ಬೆಕ್ಕು ಯಾರದ್ದು ಅಂತ ಗುರುತಿಸಲು ಅದರ ಚರ್ಮದಡಿ ಹಾಕುವ ಮೈಕ್ರೋಚಿಪ್ ಬಗ್ಗೆ ತಕರಾರಿಲ್ಲ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ, ಬೆಕ್ಕಿಗೆ 20 ವಾರ ತುಂಬುವುದರೊಳಗೆ ಹಾಕಿಸುವುದು ಕಡ್ಡಾಯ. ಹಾಕಿಸದಿದ್ದರೆ 500 ಪೌಂಡ್‌ವರೆಗೆ ದಂಡ. ಫೋನ್ ನಂಬರ್ ಬದಲಾದಾಗ ದಾಖಲೆಯಲ್ಲೂ ಬದಲಾಯಿಸದಿದ್ದರೆ ಚಿಪ್ ಇದ್ದೂ ಉಪಯೋಗ ಇಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಸಂತಾನಹರಣ ಆಪರೇಷನ್. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸಿರಾಗಬಹುದು. ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಬೇಡವಾದ ಮರಿಗಳನ್ನು ಯಾರೋ ರಟ್ಟಿನ ಡಬ್ಬದಲ್ಲಿ ತಂದು ಬಿಟ್ಟು ಹೋಗುತ್ತಾರೆ. ಅವಕ್ಕೆ ಮಾಲೀಕರೇ ಇಲ್ಲ ಅಂದಮೇಲೆ ಯಾರಿಗೆ ದಂಡ ಹಾಕ್ತೀರಿ? ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2013ರಿಂದ, ಆರು ತಿಂಗಳು ತುಂಬಿದ ಬೆಕ್ಕಿಗೆ ನೋಂದಣಿ, ಚಿಪ್, ಆಪರೇಷನ್ ಮೂರೂ ಕಡ್ಡಾಯ. ಕಡ್ಡಾಯ ಮಾಡಿದರಷ್ಟೇ ಸಾಲದು, ಆಪರೇಷನ್ ಬಡವರಿಗೂ ಕೈಗೆಟುಕಬೇಕು. ಆದ್ದರಿಂದ ನಿಮ್ಮ ಕೌನ್ಸಿಲ್ ಬೆಕ್ಕಿನ ನೋಂದಣಿಗೆ ಶುಲ್ಕ ಕೇಳಿದರೆ ಕೊಡಿ. ಕೊಡುವಾಗ ಒಂದು ಪ್ರಶ್ನೆಯನ್ನೂ ಕೇಳಿ: ಈ ದುಡ್ಡಿನಲ್ಲಿ ಈ ವರ್ಷ ಎಷ್ಟು ಬೆಕ್ಕಿಗೆ ಆಪರೇಷನ್ ಮಾಡಿಸಿದಿರಿ? ಲೆಕ್ಕ ತೋರಿಸಿದ ಮೇಲೆ ಕರ್ಫ್ಯೂ ವಿಷಯ ಮಾತಾಡೋಣ.